ಇಂಥವನು ಬಿನ್ ಇಂಥವನು

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಪಡೆದ ನಕಲಿನಲ್ಲಿ ನಮ್ಮ ಮುತ್ತಾತನ ಅಪ್ಪನಿಗೆ ಸಿಕ್ಕಿರುವುದು ಒಂದೇ ಸಾಲು. ಸರ್ವೆ ನಂಬರು, ಖುಷ್ಕಿ, ಇಷ್ಟು ಎಕರೆ ಇಷ್ಟು ಗುಂಟೆ, ಕಂದಾಯ ಇಷ್ಟು, ಇಂಥವನು ಬಿನ್ ಇಂಥವನು. ಕುಳ್ಳನೋ ಉದ್ದನೋ, ಮುಂಗೋಪಿಯೋ, ಸೋಬಾನೆ ಪದ ಕೇಳಿದರೆ ಕಣ್ಣೊರೆಸಿಕೊಳ್ಳುವವನೋ, ಅದಕ್ಕೆಲ್ಲ ಅಲ್ಲಿ ಕಾಲಮ್ಮಿಲ್ಲ. ಅವನು ಸರ್ಕಾರಕ್ಕೆ ಕೊಡಬೇಕಾದ ಬಾಬ್ತು ಉಳಿದಿದೆ.

ಮೈಸೂರು ಸೀಮೆಯಲ್ಲಿ ಈ ಸರ್ವೆ ಶುರುವಾದದ್ದೇ 1863ರಲ್ಲಿ. ಅದಕ್ಕೂ ಹಿಂದಿನ ಲೆಕ್ಕ ಶಾನುಭೋಗರ ಕಡತದಲ್ಲಿ. ಈಗ ಕಡತವೆಂದರೆ ಫೈಲು. ಆಗ ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಪದರ ಪದರವಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ, ಮತ್ತೆ ಕಪ್ಪು ಬಳಿದರೆ ಹೊಸದು. ನಮ್ಮವರ ಹೆಸರೂ ಯಾವುದೋ ಕಡತದ ಮೇಲೆ ಬೆಳ್ಳಗೆ ಮೂಡಿ, ಯಾವುದೋ ವರ್ಷ ಒರೆಸಿಹೋಗಿರಬೇಕು. ಶಾನುಭೋಗರ ತಪ್ಪೇನೂ ಇಲ್ಲ. ಬಟ್ಟೆ ಒಂದೇ, ಫಸಲು ವರ್ಷವರ್ಷವೂ ಬೇರೆ.

ಉಳಿದ ಕಾಗದವಾದರೂ ದಾರಿ ತೋರೀತೆಂದರೆ ಅದೂ ಇಲ್ಲ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ. ಹಿಂದಕ್ಕೆ ಹೋದಂತೆಲ್ಲ ಎರಡೇ ಹೆಸರು, ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡಗಳ ಹಾಗೆ; ಒಂದು ಇಳಿದರೆ ಇನ್ನೊಂದು ಮೇಲೆ. ಈ ಸಾಲಿನಲ್ಲಿರುವವನು ತಾತನೋ ಮೊಮ್ಮಗನೋ ಹೇಗೆ ಹೇಳುವುದು? ವರ್ಷದ ಕತೆಯೂ ಅಷ್ಟೆ. ‘ಧಾತು ಸಂವತ್ಸರದ ಬರದಲ್ಲಿ ಹೋದನಂತೆ’ ಎನ್ನುತ್ತಿದ್ದಳು ಅಜ್ಜಿ. ಧಾತು 1876ರಲ್ಲಿ ಬಂತು, 1936ರಲ್ಲಿ ಬಂತು, 1996ರಲ್ಲೂ ಬಂತು. ಬರ ಎಂಬ ಒಂದು ಮಾತು ಹಿಡಿದು ಮೊದಲನೆಯ ಧಾತುವೆಂದೇ ತೀರ್ಮಾನಿಸಿದೆ. ಧಾತುವಿನಲ್ಲಿ ಮಳೆ ಕೈಕೊಟ್ಟು, ಈಶ್ವರ ಸಂವತ್ಸರಕ್ಕೂ ಎಳೆದುಕೊಂಡ ಬರ ಅದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಸುಮಾರು 42 ಲಕ್ಷ. ಆ ಕಳೆಯುವ ಲೆಕ್ಕದೊಳಗೆ ಎಲ್ಲೋ ಅವನಿದ್ದಾನೆ.

ಅವನ ಹೆಂಡತಿಯ ಹೆಸರಂತೂ ಸಿಗಲೇ ಇಲ್ಲ. ಹೆಂಗಸು ಖಾತೆಗೆ ಬರುತ್ತಿದ್ದುದೇ ಅಪರೂಪ, ಬಂದರೂ ‘ಕೋಂ’ ಎಂದು ಗಂಡನ ಹೆಸರಿಗೆ ಗಂಟು ಹಾಕಿಸಿಕೊಂಡು. ಈಕೆ ಹಾಗೂ ಬಂದಿಲ್ಲ. ಖಾತೆ ನೇರವಾಗಿ ಮಗನಿಗೆ ಹೋಗಿದೆ. ಬರದಲ್ಲಿ ಆ ಕೈಗೂಸನ್ನು ಉಳಿಸಿಕೊಂಡವಳು ಇವಳೇ. ಸಾಕ್ಷಿ ನಾನಿದ್ದೇನೆ, ಆದರೆ ನನ್ನನ್ನು ಲಗತ್ತಿಸಲು ಯಾವ ಅರ್ಜಿಯಲ್ಲೂ ಜಾಗವಿಲ್ಲ.

ಶ್ರಾದ್ಧ ಮಾಡುವ ಮನೆಗಳಲ್ಲಿ ಹೆಸರು ಹಿಡಿದು ಪಿಂಡವಿಡುವುದು ಮೂರು ತಲೆಗೆ: ಅಪ್ಪ, ತಾತ, ಮುತ್ತಾತ; ಕ್ರಮವಾಗಿ ವಸು, ರುದ್ರ, ಆದಿತ್ಯರ ರೂಪದಲ್ಲಿ. ಹೊಸಬರೊಬ್ಬರು ಸೇರಿದರೆ ಹಳಬರೊಬ್ಬರು ಸಾಲಿನಿಂದಾಚೆ. ಆಚೆ ಹೋದವರಿಗೆ ಸಲ್ಲುವುದು ಪಿಂಡ ಕಟ್ಟಿದ ಕೈಗೆ ಮೆತ್ತಿದ ಅನ್ನದ ಅಂಟು. ಮರೆಯುವುದಕ್ಕೂ ಇಷ್ಟು ನಯವಾದ ಏರ್ಪಾಡು ಮಾಡಿದವರನ್ನು ಮೆಚ್ಚಬೇಕು. ಹೆಸರು ತಿರುಗಬೇಕು, ಸಂವತ್ಸರ ತಿರುಗಬೇಕು. ಅವುಗಳೊಳಗೆ ಬಂದುಹೋಗುವ ಮನುಷ್ಯ ಇವನೇ ಎಂಬ ಹಟ ಅವರಿಗಿರಲಿಲ್ಲ. ನಮ್ಮನೆಯ ರಾಟೆ ನಿಲ್ಲಿಸಿದವನು ನಾನು. ತಾತನ ಹೆಸರು ಹಳೇದಾಯಿತೆಂದು ಮಗನಿಗೆ ಪುಸ್ತಕ ನೋಡಿ ಎರಡಕ್ಷರದ ಹೆಸರಿಟ್ಟೆ. ಈಗ ನೆಟ್ಟಗೊಂದು ಗೆರೆ ಎಳೆಯಬೇಕೆಂದು ಕಚೇರಿ ಅಲೆಯುತ್ತಿರುವವನೂ ನಾನೇ.

ನಮ್ಮದು ಪಿಂಡದ ಮನೆಯಲ್ಲ, ಎಡೆಯ ಮನೆ. ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಕಳಶದ ಪಕ್ಕ ಹೊಸ ಪಂಚೆ, ಹೊಸ ಸೀರೆ. ಬಾಳೆಲೆಯಲ್ಲಿ ಮುದ್ದೆ, ಕಡುಬು, ವಡೆ. ನಕಲನ್ನೂ ಎಡೆಯ ಮುಂದೆ ಇಡಲೇ ಎಂದು ಸೋದರತ್ತೆಯನ್ನು ಕೇಳಿದೆ.

“ಕಂದಾಯದ ಕಾಗ್ದ ಕಂಡ್ರೆ ಉಣ್ಣೋಕೆ ಬಂದೋನು ಹೆದ್ರಿ ಓಡೋಗ್ತಾನೆ ಕಣಪ್ಪ. ಎತ್ತಿಡು ಅತ್ಲಾಗೆ.”

ಧೂಪ ಹಾಕಿ ಬಾಗಿಲು ಮುಂದೆ ಮಾಡಿದರು. ಹಿರೀಕರು ಉಂಡೇಳುವವರೆಗೆ ಗದ್ದಲ ಕೂಡದೆಂದು ಮಕ್ಕಳನ್ನು ಗದರಿಸಿ, ನಾವೆಲ್ಲ ಜಗಲಿಯ ಮೇಲೆ ಕುಳಿತೆವು.