ಪ್ರಮಾದವೂ ಪೊರಕೆಯೂ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಹುಳುಹುಪ್ಪಟೆಗಳಿಂದ ತುಂಬಿಹೋದ ಅಡುಗೆಮನೆಯನ್ನು ಶುಚಿಮಾಡಬಹುದೇ? ಮಾಡಿದರೆ ಜೀವಹಾನಿ ತಪ್ಪಿದ್ದಲ್ಲ. ಮಾಡದೆ ಬಿಟ್ಟರೆ ಜೀವಿಗಳು ಹೆಚ್ಚುತ್ತಲೇ ಹೋಗುತ್ತವೆ. ಮೇಲುನೋಟಕ್ಕೆ ಈ ಪ್ರಶ್ನೆ ಅಲ್ಪವಾದುದೆಂದು ಕಾಣಬಹುದು. ಆದರೆ ಅದು ನನ್ನ ಮನೆಯಲ್ಲಿಯೇ ಎದುರಾದಾಗ, ಹಲವು ವರ್ಷ ಸ್ವಾಧ್ಯಾಯ ಮಾಡಿದ ನನಗೂ ಉತ್ತರ ಹೊಳೆಯಲಿಲ್ಲ. ಹೊಳೆದ ಮೇಲೆ, ನಾನು ಆಚರಿಸುತ್ತಿದ್ದ ಉಪವಾಸವನ್ನೇ ಮತ್ತೊಮ್ಮೆ ಪರೀಕ್ಷಿಸಬೇಕಾಯಿತು. ಆದಕಾರಣ ವ್ರತನಿಯಮಗಳಲ್ಲಿ ಶ್ರದ್ಧೆಯುಳ್ಳ ವಾಚಕರ ಮುಂದೆ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇನೆ.

ನಾನಿರುವುದು ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ. ಈ ಊರಿನ ಹೆಸರು ಕೇಳಿದೊಡನೆ ಸುತ್ತಿನ ಜನರಿಗೆ ಗುರುಮಲ್ಲೇಶ್ವರರ ಮಠವೂ ಅಲ್ಲಿಯ ದಾಸೋಹವೂ ನೆನಪಿಗೆ ಬರುತ್ತವೆ. ಅನ್ನವಿಕ್ಕುವುದನ್ನು ಧರ್ಮವೆಂದು ಬಗೆದ ಊರಿನಲ್ಲಿ ನನ್ನ ಮನೆಯ ಒಲೆ ಮಾತ್ರ ಒಂದೂವರೆ ವರ್ಷ ಸರಿಯಾಗಿ ಉರಿಯಲಿಲ್ಲ. ಧರ್ಮಪತ್ನಿ ತೀರಿಕೊಂಡ ಮೇಲೆ ನಾನು ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಬಿಡದೆ ಹಿಡಿದೆ. ಉಳಿದ ದಿನಗಳಲ್ಲಿ ಒಂದೇ ಹೊತ್ತಿನ ಊಟ. ಅದೂ ಬಹುಮಟ್ಟಿಗೆ ಅವಲಕ್ಕಿ, ಹಾಲು, ಬಾಳೆಹಣ್ಣು. ಹಾಲು ಕಾಯಿಸುವಷ್ಟು ಹೊತ್ತು ಅಡುಗೆಮನೆಯಲ್ಲಿ ನಿಂತು, ಲೋಟ ಹಿಡಿದುಕೊಂಡು ನಡುಮನೆಗೆ ಬಂದುಬಿಡುತ್ತಿದ್ದೆ. ಬಂಧುಗಳು ಇದನ್ನು ತಪಸ್ಸೆಂದು ಕೊಂಡಾಡಿದರು. ನಾನು ಅಲ್ಲಗಳೆಯಲಿಲ್ಲ.

ಕಳೆದ ಭಾದ್ರಪದದಲ್ಲಿ ದಶಲಕ್ಷಣ ಪರ್ವವನ್ನು ನನ್ನೊಡನೆ ಕಳೆಯಲೆಂದು ಅಕ್ಕ ತಿರುಮಕೂಡಲು ನರಸೀಪುರದಿಂದ ಬಂದಳು. ಎಪ್ಪತ್ತು ದಾಟಿದವಳು. ಕಾಲು ತೊಳೆದುಕೊಂಡು ನೇರವಾಗಿ ಅಡುಗೆಮನೆಗೆ ಹೋದಳು. ಹೋದವಳು ಹೊಸ್ತಿಲಲ್ಲಿಯೇ ನಿಂತಳು.

“ಏನೋ ಇದು?” ಎಂದಳು.

ಅವಳ ಹಿಂದೆ ನಿಂತು ನಾನೂ ಅಂದು ಮೊದಲ ಬಾರಿಗೆ ನೋಡಿದೆ. ತೊಲೆಗಳಿಂದ ಇಲ್ಲಣ ಜೋತಾಡುತ್ತಿತ್ತು. ಬೆಳಕಿಗೆಂದು ಹಾಕಿಸಿದ್ದ ಗಾಜಿನ ಹೆಂಚು ಮಸಿಯಿಂದ ಕುರುಡಾಗಿತ್ತು. ಒಲೆಯ ಕಟ್ಟೆಯ ಮೇಲೆ ಉಕ್ಕಿದ ಹಾಲು ಪದರ ಪದರವಾಗಿ ಹೆಪ್ಪುಗಟ್ಟಿತ್ತು. ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದರೆ ಕಾಳುಗಳೇ ನಡೆದಾಡುವಂತೆ ತೋರಿತು. ಅಲಸಂದೆ, ಹುರುಳಿಗಳೆಲ್ಲ ತೂತುಬಿದ್ದು ಹಿಟ್ಟಾಗಿದ್ದವು. ಹಿಟ್ಟಿನ ಡಬ್ಬಿಯಲ್ಲಿ ಬಲೆ ಕಟ್ಟಿತ್ತು. ಬಚ್ಚಲ ಮೋರಿಯ ಬಾಯಿಂದ, ಗೂಡಿನ ಹಲಗೆಗಳ ಸಂದಿನಿಂದ ಜಿರಲೆಗಳು ಹಗಲಿನಲ್ಲಿಯೇ ಹೊರಟುಬರುತ್ತಿದ್ದವು. ಮೊಳೆಗೆ ತಗುಲಿಹಾಕಿದ್ದ, ನನ್ನಾಕೆ ದಿನವೂ ನೀರು ಸೋಸುತ್ತಿದ್ದ ಎರಡು ಪದರದ ಬಟ್ಟೆ ಬೂಷ್ಟು ಹಿಡಿದು ಕಪ್ಪಾಗಿತ್ತು.

ನಾಚಿಕೆಯಾಯಿತು. ಕೂಡಲೇ ಅಂಗಡಿಯಿಂದ ಜಿರಲೆಗೆ ಸಿಂಪಡಿಸುವ ಔಷಧ ತರಿಸಿ, ಬೀದಿಯಾಚೆಯ ಒಬ್ಬ ಹೆಣ್ಣುಮಗಳನ್ನು ಕೂಲಿಗೆ ಕರೆದೆ. ಆಕೆ ಒಳಗೆ ಇಣುಕಿ, “ಮೇಷ್ಟ್ರೇ, ಎಲ್ಲಾ ಕಡೆಗೂ ಹೊಡೆದುಬಿಡಲಾ?” ಎಂದು ಕೇಳಿದಳು. ನಾನು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. “ನಾನು ಹೊರಗಡೆ ಇರುತ್ತೇನೆ, ನೀನೇ ನೋಡಿಕೊಳ್ಳಮ್ಮ” ಎಂದೆ.

ಅಕ್ಕ ಸುಮ್ಮನಿರಲಿಲ್ಲ. “ಹೊಡೆಯೋಳು ಅವಳು, ವ್ರತ ಹಿಡಿದೋನು ನೀನು. ಲೆಕ್ಕ ಯಾರ ಹೆಸರಿಗೋ?” ಎಂದಳು.

ಈ ಮಾತಿಗೆ ಉತ್ತರವನ್ನು ನಾನು ಬಾಲ್ಯದಿಂದಲೂ ಬಲ್ಲೆ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು, ಈ ಮೂರೂ ಮನೋವಚನಕಾಯಗಳ ಮೂಲಕ ಆತ್ಮಕ್ಕೆ ಕರ್ಮವನ್ನು ತರುತ್ತವೆ. ಕೃತದಿಂದ ತಪ್ಪಿಸಿಕೊಳ್ಳಲು ಕಾರಿತದ ಮರೆಹೊಗುವುದು ಪಲಾಯನವೇ ಹೊರತು ವ್ರತರಕ್ಷಣೆಯಲ್ಲ. ನಮ್ಮ ಮನೆಯ ಕಸವನ್ನೂ ಅದರೊಳಗಿನ ಸಾವನ್ನೂ ಬಡವರ ಕೈಗೆ ದಾಟಿಸಿ ನಾವು ಶುದ್ಧರಾಗಿ ಉಳಿಯುವ ಪದ್ಧತಿ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಶಾಸ್ತ್ರ ಬಲ್ಲವನೆನಿಸಿಕೊಂಡ ನಾನೂ ಆ ದಿನ ಅದನ್ನೇ ಮಾಡಹೊರಟಿದ್ದೆ. ಆಕೆಗೆ ಅರ್ಧದಿನದ ಕೂಲಿ ಕೊಟ್ಟು ಕಳುಹಿಸಿ, ಔಷಧದ ಡಬ್ಬಿಯನ್ನು ಹಿಂದಿರುಗಿಸಿ, ಆ ರಾತ್ರಿ ಕುಳಿತು ವಿಚಾರಮಾಡಿದೆ.

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪಿಹಿಂಸೆಯನ್ನು, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು. ಮನೆವಾರ್ತೆಯಲ್ಲಿ ಆಗುವ ಆರಂಭಿಹಿಂಸೆ ಅವನಿಗೆ ಪೂರ್ತಿ ತಪ್ಪದು. ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ ಎಂಬ ಐದನ್ನು ಹಿಂದಿನವರು ಪಂಚಸೂನಗಳೆಂದು ಕರೆದರು, ಸೂನವೆಂದರೆ ವಧಸ್ಥಾನ. ಪೊರಕೆಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಬೇಕು. ಗುಡಿಸುವುದರಲ್ಲಿ ಹಿಂಸೆಯಿಲ್ಲವೆಂದು ನಮ್ಮವರು ಎಂದೂ ತಮ್ಮನ್ನು ತಾವು ವಂಚಿಸಿಕೊಳ್ಳಲಿಲ್ಲ.

ಹಾಗಾದರೆ ಗುಡಿಸದಿರುವುದೇ ಲೇಸಲ್ಲವೇ ಎಂದು ಕೆಲವರು ಕೇಳಬಹುದು. ಒಂದೂವರೆ ವರ್ಷ ನನ್ನ ಮನಸ್ಸು ಹೇಳುತ್ತಿದ್ದುದೂ ಇದನ್ನೇ. ಇದಕ್ಕೆ ಪ್ರಕೃತಿಯ ಲೆಕ್ಕವೇ ಮೊದಲ ಉತ್ತರ. ಅಕ್ಕಿಯಲ್ಲಿ ಬೀಳುವ ಉದ್ದಮೂತಿಯ ಹುಳುವಿನ ಒಂದು ಹೆಣ್ಣು ತನ್ನ ಜೀವಿತದಲ್ಲಿ ಸುಮಾರು 300 ಮೊಟ್ಟೆಗಳನ್ನು ಕಾಳುಗಳೊಳಗೆ ಇಡಬಲ್ಲದು. ಮನೆಗಳಲ್ಲಿ ಕಾಣುವ ಸಣ್ಣ ಜಾತಿಯ ಜಿರಲೆಯ ಒಂದು ಮೊಟ್ಟೆಯ ಚೀಲದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ. ಕತ್ತಲು, ಜಿಡ್ಡು, ತೇವ ಇವಿಷ್ಟು ದೊರೆತರೆ ಅವುಗಳಿಗೆ ಬೇರೇನೂ ಬೇಡ. ಮೊದಲ ತಿಂಗಳಲ್ಲಿ ಹತ್ತು ಜೀವಿಗಳನ್ನು ಮೆಲ್ಲಗೆ ಹೊರಗೆ ಬಿಡಬಹುದಾಗಿದ್ದವನು, ಹದಿನೆಂಟನೆಯ ತಿಂಗಳಲ್ಲಿ ಸಾವಿರಾರು ಜೀವಿಗಳ ಮುಂದೆ ವಿಷದ ಡಬ್ಬಿ ಹಿಡಿದು ನಿಲ್ಲುತ್ತಾನೆ. ಆರಂಭಿಹಿಂಸೆಯ ಅಲ್ಪಭಾಗವನ್ನು ಒಲ್ಲೆನೆಂದವನನ್ನು ಅವನ ಆಲಸ್ಯವೇ ಸಂಕಲ್ಪಿಹಿಂಸೆಯ ಬಾಗಿಲಿಗೆ ಕರೆದೊಯ್ಯುತ್ತದೆ.

ಎರಡನೆಯ ಉತ್ತರ ಆಗಮದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮುಂಚೆ ಪ್ರಮಾದವನ್ನು ಇಡುತ್ತದೆ. ಜೀವಿ ಸಾಯಲಿ ಬದುಕಲಿ, ಎಚ್ಚರಗೆಟ್ಟು ನಡೆಯುವವನಿಗೆ ಹಿಂಸೆಯು ನಿಶ್ಚಿತವೆಂದೂ, ಎಚ್ಚರದಿಂದ ನಡೆಯುವವನಿಗೆ ಕೇವಲ ಪ್ರಾಣಹಾನಿಯಿಂದ ಬಂಧವಿಲ್ಲವೆಂದೂ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ತಿಳಿಸಿದ್ದಾರೆ. ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯೊಡನೆ ಸಂಪ್ರದಾಯವು ಯಾರ ಹೆಸರನ್ನು ಜೋಡಿಸುತ್ತದೆಯೋ ಆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದೇ ಅರ್ಥವನ್ನು ವಿಸ್ತರಿಸಿದ್ದಾರೆ. ಕನಕಗಿರಿಯನ್ನು ಎಷ್ಟೋ ಸಲ ಹತ್ತಿ ಇಳಿದಿದ್ದೇನೆ. ಆದರೆ ಆ ವ್ಯಾಖ್ಯಾನವು ನನ್ನ ಅಡುಗೆಮನೆಗೂ ಅನ್ವಯಿಸುತ್ತದೆಂದು ತೋಚಿರಲಿಲ್ಲ.

ಮೂರನೆಯ ವಿಷಯ ಉಪವಾಸಕ್ಕೇ ಸಂಬಂಧಿಸಿದ್ದು. ನನ್ನನ್ನು ಹೆಚ್ಚು ಕಲಕಿದ್ದೂ ಅದೇ. ಪ್ರೋಷಧೋಪವಾಸ ವ್ರತಕ್ಕೆ ಐದು ಅತಿಚಾರಗಳನ್ನು ಅದೇ ಅಧ್ಯಾಯದಲ್ಲಿ ಹೇಳಿದೆ. ನೋಡದೆ ಗುಡಿಸದೆ ಮಲಮೂತ್ರಾದಿಗಳನ್ನು ವಿಸರ್ಜಿಸುವುದು ಒಂದು; ನೋಡದೆ ಗುಡಿಸದೆ ವಸ್ತುಗಳನ್ನು ತೆಗೆದುಕೊಳ್ಳುವುದು ಎರಡು; ನೋಡದೆ ಗುಡಿಸದೆ ಹಾಸಿಗೆಯನ್ನು ಹರಡುವುದು ಮೂರು; ಅನಾದರ ನಾಲ್ಕು; ಸ್ಮೃತ್ಯನುಪಸ್ಥಾನ, ಎಂದರೆ ಮರೆವು, ಐದು. ವಾಚಕರು ಇಲ್ಲಿ ತುಸು ನಿಂತು ಯೋಚಿಸಬೇಕು. ಉಪವಾಸದ ಲೋಪಗಳನ್ನು ಎಣಿಸುವಾಗ ಸೂತ್ರಕಾರರು ಹಸಿವೆಯ ಮಾತನ್ನೇ ಎತ್ತಲಿಲ್ಲ. ಐದರಲ್ಲಿ ಮೂರು ಲೋಪಗಳು ಕಣ್ಣಿಗೂ ಪೊರಕೆಗೂ ಸೇರಿದವು. ಅನ್ನ ಬಿಟ್ಟವನ ಶರೀರ ಬಳಲುತ್ತದೆ, ಬಳಲಿದವನು ನೋಡುವುದನ್ನು ಬಿಡುತ್ತಾನೆ ಎಂಬುದನ್ನು ಅವರು ಅರಿತಿದ್ದರು.

ಈ ಐದನ್ನೂ ನಾನು ಒಂದೇ ಕೋಣೆಯಲ್ಲಿ ಸಾಧಿಸಿದ್ದೆ. ಅಲ್ಲಿಗೆ ನಾನೇಕೆ ಕಣ್ಣು ಹಾಯಿಸಲಿಲ್ಲವೆಂಬುದನ್ನೂ ಹೇಳಿಬಿಡಬೇಕು. ಮೂವತ್ತೈದು ವರ್ಷ ಆ ಒಲೆಯ ಮುಂದೆ ನಿಂತವಳು ಅಲ್ಲಿಲ್ಲ ಎಂಬುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಉಪವಾಸವು ಆ ಕೋಣೆಗೆ ಹೋಗದಿರಲು ನನಗೊಂದು ಗೌರವದ ನೆಪವಾಯಿತು. ಶೋಕವನ್ನು ವೈರಾಗ್ಯವೆಂದು ಕರೆದು ನಾನು ಮೋಸಹೋದೆ. ಆಕೆ ಮಾಡಿದ ಉಪವಾಸಗಳು ನನ್ನವಕ್ಕಿಂತ ಹೆಚ್ಚು. ಆ ದಿನಗಳಲ್ಲಿಯೂ ಆಕೆ ಬೆಳಿಗ್ಗೆ ಎದ್ದು ಒಲೆ ಸಾರಿಸಿ, ನೀರು ಸೋಸಿ, ಬಟ್ಟೆಯಲ್ಲಿ ನಿಂತ ಜೀವಾಣಿಯನ್ನು ಬಾವಿಗೇ ಹಿಂದಕ್ಕೆ ಬಿಟ್ಟು ಬರುತ್ತಿದ್ದಳು. ಸೋಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷಗಳ ಮರ್ಯಾದೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ. ಈ ನಿಯಮಗಳನ್ನು ನಾನು ಬಸದಿಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಗೃಹಸ್ಥನ ಕಣ್ಣು ದಿನವೂ ಪಾತ್ರೆಯ ಕಡೆಗೆ ಹಿಂದಿರುಗಲೆಂದೇ ಅವುಗಳನ್ನು ವಿಧಿಸಿದೆ ಎಂಬುದನ್ನು ಆಕೆ ಆಚರಣೆಯಿಂದ ಬಲ್ಲವಳಾಗಿದ್ದಳು.

ಮರುದಿನದಿಂದ ನಾನೂ ಅಕ್ಕನೂ ಕೈಹಚ್ಚಿದೆವು. ನಾಲ್ಕು ದಿನ ಹಿಡಿಯಿತು. ಸೂರ್ಯನಿರುವಷ್ಟು ಹೊತ್ತು ಮಾತ್ರ ಕೆಲಸ. ಮೊದಲು ಕಿಟಕಿ ತೆರೆದು ಗಾಜಿನ ಹೆಂಚನ್ನು ಒರೆಸಿದೆವು. ಬೆಳಕು ಬಿದ್ದ ಕಡೆಯಿಂದ ಎಷ್ಟೋ ಜೀವಿಗಳು ತಾವಾಗಿಯೇ ಸರಿದುಹೋದವು. ಕಾಳುಗಳನ್ನು ಬಿಸಿಲಿಗೆ ಹಾಕದೆ ಹಿತ್ತಿಲ ನೆರಳಿನಲ್ಲಿ ಮೊರಗಳಲ್ಲಿ ಹರಡಿದೆವು. ಹೊರಟವು ಹೊರಟವು, ಉಳಿದ ಕಾಳನ್ನು ಹುಳುಗಳ ಸಮೇತ ಬೇಲಿಯ ಮರಗಳ ಬುಡಕ್ಕೆ ಬಿಟ್ಟೆವು. ಕಡ್ಡಿಪೊರಕೆಯನ್ನು ಬದಿಗಿಟ್ಟು ಮೆದುವಾದ ಹುಲ್ಲುಪೊರಕೆಯಿಂದ ಗುಡಿಸಿದೆವು. ಮುನಿಗಳ ಪಿಂಛಿ ನವಿಲುಗರಿಯದೇ ಏಕೆಂಬುದು ಆಗ ನನ್ನ ಕೈಗೆ ಅರ್ಥವಾಯಿತು. ಗೂಡಿನ ಹಲಗೆಗಳನ್ನು ಬಿಡಿಸಿ ಸಂಜೆಯ ಮುಂಚೆ ಹಿತ್ತಿಲ ಮೂಲೆಗೆ ಒಯ್ದು ಇಟ್ಟೆವು. ಕುದಿನೀರು ಸುರಿಯಲಿಲ್ಲ. ಜಿಡ್ಡಿಗೆ ಸೀಗೆಪುಡಿ, ಹಿತ್ತಾಳೆಗೆ ಹುಣಸೆಹಣ್ಣು, ಉಳಿದುದಕ್ಕೆ ಬೂದಿ ಸಾಕಾಯಿತು. ಹೊಸ ತೊಗರಿಬೇಳೆಗೆ ಅಕ್ಕ ಹರಳೆಣ್ಣೆ ಸವರಿದಳು. ಅಕ್ಕಿಗೆ ಒಣಗಿದ ಬೇವಿನ ಸೊಪ್ಪು ಹಾಕಿದಳು.

ಇಷ್ಟಾದರೂ ಜೀವಗಳು ಸತ್ತವು. ಹಲಗೆಯ ಹಿಂದೆ ಅಂಟಿದ್ದ ಮೊಟ್ಟೆಯ ಚೀಲಗಳು ಒಡೆದವು. ಮೋರಿಯಲ್ಲಿ ಕೆಲವು ನೀರುಪಾಲಾದವು. ಯತ್ನಾಚಾರದಿಂದ ಮಾಡಿದೆನಾದ್ದರಿಂದ ದೋಷವಿಲ್ಲವೆಂದು ಹೇಳಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಆ ನಾಲ್ಕು ದಿನಗಳ ಎಚ್ಚರವು ಹಿಂದಿನ ಹದಿನೆಂಟು ತಿಂಗಳ ಪ್ರಮಾದವನ್ನು ಅಳಿಸದು. ಅಲ್ಲಿ ಸತ್ತ ಜೀವಿಗಳ ಲೆಕ್ಕ ಸತ್ತ ದಿನದಿಂದಲ್ಲ, ನಾನು ನೋಡುವುದನ್ನು ಬಿಟ್ಟ ದಿನದಿಂದ ನನ್ನ ಹೆಸರಿನಲ್ಲಿದೆ. ಪ್ರತಿ ಸಂಜೆ ಪ್ರತಿಕ್ರಮಣದಲ್ಲಿ ಇದನ್ನೇ ಹೇಳಿಕೊಂಡೆ.

ಆದುದರಿಂದ ಮೊದಲ ಪ್ರಶ್ನೆಗೆ ನನಗೆ ತೋರುವ ಉತ್ತರವಿದು. ಕೆಟ್ಟುಹೋದ ಅಡುಗೆಮನೆಯನ್ನು ಶ್ರಾವಕನು ಶುಚಿಮಾಡಲೇಬೇಕು. ತನ್ನ ಕೈಯಿಂದಲೇ, ಹಗಲಿನಲ್ಲಿ, ತಾಳ್ಮೆಯಿಂದ ಮಾಡಬೇಕು. ಆಗುವ ಹಾನಿಯನ್ನು ತನ್ನದೆಂದು ಒಪ್ಪಿಕೊಳ್ಳಬೇಕು. ಆದರೆ ವ್ರತವು ಅವನಿಂದ ಅಪೇಕ್ಷಿಸುವುದು ಈ ದೊಡ್ಡ ಶುದ್ಧೀಕರಣವನ್ನಲ್ಲ, ಅದರ ಅಗತ್ಯವೇ ಬಾರದಂತೆ ನಿತ್ಯವೂ ಮಾಡುವ ಸಣ್ಣ ಕೆಲಸವನ್ನು. ಈ ಶುಚಿತ್ವವನ್ನು ಮಡಿಯೊಡನೆ ಬೆರೆಸಬಾರದು. ಇನ್ನೊಬ್ಬರನ್ನು ಮುಟ್ಟದಿರುವುದರಿಂದ ಯಾವ ಜೀವಿಯೂ ಉಳಿಯಲಿಲ್ಲ. ನೋಡಿ ಹೆಜ್ಜೆಯಿಟ್ಟುದರಿಂದ ಎಷ್ಟೋ ಉಳಿದಿವೆ.

ಪಾರಣೆಯ ಬೆಳಿಗ್ಗೆ ಅಕ್ಕ ಆ ಮೊಳೆಗೆ ಹೊಸ ಸೋಸುಬಟ್ಟೆಯನ್ನು ತಗುಲಿಹಾಕಿದಳು. ಕೂಲಿಗೆ ಬಂದಿದ್ದ ಹೆಣ್ಣುಮಗಳನ್ನೂ ಊಟಕ್ಕೆ ಕರೆದಿದ್ದೆವು. ನೀರನ್ನು ನಾನೇ ಸೋಸಿದೆ, ಅನ್ನವನ್ನು ನಾನೇ ಬಡಿಸಿದೆ. ಈಗಲೂ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುತ್ತೇನೆ. ಆದರೆ ಆ ದಿನ ಬೆಳಿಗ್ಗೆ ಮೊದಲು ಅಡುಗೆಮನೆಗೆ ಹೋಗಿ, ಡಬ್ಬಿಗಳ ಮುಚ್ಚಳ ತೆಗೆದು ನೋಡಿ, ನೆಲ ಗುಡಿಸಿದ ಮೇಲೆಯೇ ಪ್ರತ್ಯಾಖ್ಯಾನ ಮಾಡುತ್ತೇನೆ. ಉಪವಾಸವಿರುವ ಬಂಧುಗಳೆಲ್ಲರೂ ಹೀಗೆ ಮಾಡಬೇಕೆಂದು ವಿನಯಪೂರ್ವಕವಾಗಿ ಅರಿಕೆಮಾಡಿಕೊಳ್ಳುತ್ತೇನೆ.