ಅಗ್ಗದ ಮನೆ ಯಾರಿಗೆ ಅಗ್ಗ?

ಬೆಂಗಳೂರಿನ ಹೊರವಲಯದಲ್ಲಿ ಬಂಧುವೊಬ್ಬರು ಕೊಂಡ ಫ್ಲಾಟಿನ ಬೀಗದ ಕೈ ಎರಡು ವರ್ಷ ನನ್ನಲ್ಲಿತ್ತು. ಅಲ್ಲಿ ಯಾರೂ ವಾಸಿಸುತ್ತಿರಲಿಲ್ಲ. ತಿಂಗಳಿಗೊಮ್ಮೆ ಧೂಳು ಗುಡಿಸಲು ಬರುತ್ತಿದ್ದ ಹೆಂಗಸು ಒಮ್ಮೆ, “ಸ್ವಾಮೀ, ಇದನ್ನು ಯಾರಿಗೋಸ್ಕರ ಕಟ್ಟಿದರು?” ಎಂದು ಕೇಳಿದಳು. ಅವಳ ಐದು ಜನರ ಸಂಸಾರ ತಗಡಿನ ಮಾಡಿನ ಒಂದೇ ಕೋಣೆಯಲ್ಲಿತ್ತು. ನನಗೆ ಉತ್ತರ ತೋಚಲಿಲ್ಲ.

2011ರ ಜನಗಣತಿಯು ಭಾರತದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆ-ಕಟ್ಟಡಗಳು ಖಾಲಿಯಿರುವುದನ್ನು ದಾಖಲಿಸಿತು. ಮರುವರ್ಷ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿಯು ನಗರಗಳ ವಸತಿ ಕೊರತೆಯನ್ನು ಸುಮಾರು 1.88 ಕೋಟಿ ಮನೆಗಳೆಂದು ಅಂದಾಜಿಸಿತು. ಅದರಲ್ಲಿ ಬಹುಪಾಲು ಬಡವರ ಹಾಗೂ ಅಲ್ಪಾದಾಯದವರ ಕೊರತೆ. ಹೆಚ್ಚು ಕಟ್ಟುವುದೊಂದೇ ಪರಿಹಾರವೆಂಬುದು ಹಾಗಾದರೆ ಅರ್ಧಸತ್ಯ.

ಕಟ್ಟುವ ಬಗೆಯಲ್ಲಿಯೂ ಧರ್ಮಸೂಕ್ಷ್ಮವಿದೆ. ದೂರದ ನೆಲ ಹಿಡಿದು, ಕಿಟಕಿಗಳನ್ನು ಕಿರಿದಾಗಿಸಿ, ಅಂತಸ್ತುಗಳನ್ನು ಏರಿಸಿದರೆ ಮನೆಯ ಬೆಲೆ ಇಳಿಯಬಹುದು. ಆದರೆ ಬಸ್ಸಿನ ದರ, ಹಗಲಿನಲ್ಲಿಯೂ ಉರಿಯುವ ದೀಪ, ಲಿಫ್ಟಿನ ವಿದ್ಯುತ್ತು, ಟ್ಯಾಂಕರಿನ ನೀರು ಇವೆಲ್ಲ ನಿವಾಸಿಯ ಜೀವಮಾನದ ಸಾಲವಾಗುತ್ತವೆ. ಒಬ್ಬನ ಉಳಿತಾಯ ಇನ್ನೊಬ್ಬನ ಹೊರೆಯಾದರೆ ಅದನ್ನು ಮಿತವ್ಯಯವೆನ್ನಬಹುದೇ?

ನೀರಿನ ಲೆಕ್ಕವನ್ನೇ ನೋಡೋಣ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ನೂರು ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ ಸುಮಾರು 97 ಸಾವಿರ ಲೀಟರ್ ಬೀಳುತ್ತದೆ. ಅದರಡಿ ನಾಲ್ಕು ಸಂಸಾರಗಳಿದ್ದರೆ ನಾಲ್ಕು ಪಾಲು, ಇಪ್ಪತ್ತಿದ್ದರೆ ಇಪ್ಪತ್ತು ಪಾಲು. ಮಿಕ್ಕದ್ದನ್ನು ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ಮೇಲೆತ್ತಬೇಕು, ಇಲ್ಲವೆ ನೆಲದಾಳದಿಂದ ಸೆಳೆಯಬೇಕು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ ನಮ್ಮ ಅಳತೆ ತಪ್ಪಿದ್ದನ್ನು ತೋರಿಸಿದವು. ಹಾಗೆಂದು ಮನೆಗಳನ್ನು ನೆಲದಗಲ ಹರಡಿದರೆ ಕೆರೆ-ಹೊಲಗಳೇ ಬಲಿಯಾಗುತ್ತವೆ. ಆದುದರಿಂದ ಮೂರು-ನಾಲ್ಕು ಅಂತಸ್ತು, ನಡುವೆ ಅಂಗಳ, ಎದುರುಬದುರು ಕಿಟಕಿ, ಮಳೆನೀರಿನ ತೊಟ್ಟಿ, ಇವುಗಳ ಮಧ್ಯಮ ಮಾರ್ಗ ವಿವೇಕದ್ದೆಂದು ತೋರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಗಳನ್ನು ಬಳಕೆಗೆ ತರಲು ಶ್ರಮಿಸಿತು. ದಾರಿ ನಮಗೆ ತಿಳಿಯದ್ದೇನಲ್ಲ.

ಆದರೆ ವಾಸ್ತುಶಿಲ್ಪಿ ಎಷ್ಟೇ ಮಿತವಾಗಿ ಕಟ್ಟಲಿ, ಕೊಂಡವನು ಬೀಗ ಜಡಿದರೆ ಆ ಮಣ್ಣು, ಆ ನೀರು, ಆ ದುಡಿಮೆ ಎಲ್ಲವೂ ವ್ಯರ್ಥ. ಕಡಿಮೆ ಬಾಡಿಗೆಗಾದರೂ ಮನೆಯನ್ನು ಕೊಡಿರೆಂದು ಬಂಧುವಿಗೆ ಹೇಳಿದೆ. “ಬೆಲೆ ಇನ್ನಷ್ಟು ಏರಲಿ” ಎಂದರು. ಬೀಗದ ಕೈಯನ್ನು ಅವರಿಗೆ ಹಿಂದಿರುಗಿಸಿದೆ. ಆ ಹೆಂಗಸಿನ ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿದಿದೆ; ಓದುಗರೂ ತಮ್ಮ ತಮ್ಮ ಬೀಗದ ಕೈಗಳನ್ನು ಒಮ್ಮೆ ಎಣಿಸಿಕೊಳ್ಳಲಿ.