ಪ್ರೇತಕಥೆಯಲ್ಲಿ ಭಯವೂ ಕರುಣವೂ

ಪ್ರೇತಕಥೆಯ ಚಲಚ್ಚಿತ್ರಗಳನ್ನು ನೋಡಿ ಬೆಚ್ಚುವವರು ಅನೇಕರು, ಮರುಗುವವರು ವಿರಳ. ಬೆಚ್ಚುವುದಕ್ಕೆ ಬಾಗಿಲೊಂದು ಫಕ್ಕನೆ ಬಡಿದುಕೊಂಡರೂ ಸಾಕು. ಅದು ಕಿವಿಯ ವ್ಯಾಪಾರವೇ ಹೊರತು ಹೃದಯದ್ದಲ್ಲ. ಬೀಭತ್ಸದಿಂದ ಭಯಾನಕವೂ ರೌದ್ರದಿಂದ ಕರುಣವೂ ಹುಟ್ಟುವುವೆಂದು ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿರುವನಷ್ಟೆ. ನಮ್ಮ ಚಿತ್ರನಿರ್ಮಾಪಕರಲ್ಲಿ ಬಹುಮಂದಿ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಕಂಠಪಾಠ ಮಾಡಿದವರಂತೆ ರಕ್ತವನ್ನೂ ವಿಕಾರಮುಖಗಳನ್ನೂ ಧಾರಾಳವಾಗಿ ತೋರಿಸುವರು.

ಎರಡನೆಯದನ್ನೂ ಅರಿತ ಕೃತಿಯೆಂದರೆ 2016ರಲ್ಲಿ ತೆರೆಕಂಡ, ಪವನ್ ಕುಮಾರರ ‘ಯು ಟರ್ನ್’. ಬೆಂಗಳೂರಿನ ಡಬಲ್ ರೋಡಿನ ಮೇಲ್ಸೇತುವೆಯಲ್ಲಿ, ರಸ್ತೆಯನ್ನು ವಿಭಾಗಿಸಲು ಇಟ್ಟ ಕಲ್ಲುಗಳನ್ನು ಸವಾರರು ಸರಿಸಿ ನಡುವೆಯೇ ತಿರುಗಿಕೊಳ್ಳುವರು. ಕಲ್ಲನ್ನು ಅಲ್ಲಿಯೇ ಬಿಟ್ಟು ಹೋಗುವರು. ಹಾಗೆ ಬಿಟ್ಟ ಕಲ್ಲಿನಿಂದಾದ ಅಪಘಾತದಲ್ಲಿ ಒಬ್ಬ ತಾಯಿಯೂ ಅವಳ ಮಗುವೂ ಸತ್ತರು. ತರುವಾಯ ಅಲ್ಲಿ ಕಲ್ಲು ಸರಿಸಿದವರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ. ಲೇಖನಕ್ಕಾಗಿ ಅವರ ವಾಹನಗಳ ಸಂಖ್ಯೆಗಳನ್ನು ಬರೆಸಿಟ್ಟುಕೊಂಡಿದ್ದ ರಚನಾ ಎಂಬ ಯುವತಿಯ ಮೇಲೆ ಪೊಲೀಸರಿಗೆ ಸಂದೇಹ.

ಇಲ್ಲಿ ಸಾಯುವವರು ಘಾತುಕರಲ್ಲ. ಎರಡು ನಿಮಿಷವನ್ನು ಉಳಿಸಿಕೊಂಡವರು. ಅಂತಹ ಉಳಿತಾಯವನ್ನು ಮಾಡದ ಪ್ರೇಕ್ಷಕನು ಯಾವನು? ‘ಮುಂದೆ ಯಾರು?’ ಎಂಬ ಕುತೂಹಲವು ಹೀಗೆ ಅವನಿಗೆ ತಿಳಿಯದೆಯೇ ಅವನ ಕಡೆಗೆ ತಿರುಗುತ್ತದೆ. ಪ್ರಮಾದಕ್ಕೆ ಮರಣದಂಡನೆಯು ಅತಿಯಾಯಿತೆಂದು ಧರ್ಮಶಾಸ್ತ್ರವನ್ನು ಓದಿದವರು ಆಕ್ಷೇಪಿಸಬಹುದು, ಆಕ್ಷೇಪವು ಯುಕ್ತವೇ. ಆದರೆ ಪ್ರೇತವು ನ್ಯಾಯಾಧೀಶನಲ್ಲ, ಮಗುವನ್ನು ಕಳೆದುಕೊಂಡ ತಾಯಿ.

ಪ್ರೇತವುಂಟೋ ಇಲ್ಲವೋ ಎಂಬ ವಾದವು ಇಲ್ಲಿ ಅಪ್ರಸ್ತುತ. ಜೀವವು ದೇಹವನ್ನು ಬಿಟ್ಟೊಡನೆ ಮತ್ತೊಂದು ಜನ್ಮವನ್ನು ತಳೆಯುವುದೆನ್ನುವ ನಮ್ಮ ನೆರೆಯ ಜೈನರು ಅಲೆಯುವ ಪ್ರೇತವನ್ನು ಒಪ್ಪರು. ಆದರೂ ಆ ತಾಯಿಯನ್ನು ಕಂಡು ಮರುಗಲು ಅವರಿಗೆ ಅಡ್ಡಿಯೇನು? ಜಿನನಾಥಪುರದ ಪಕ್ಕದ ಚಿಕ್ಕಬೆಟ್ಟದಲ್ಲಿ ಏಳನೆಯ ಶತಮಾನದಿಂದಲೂ ಬಂದಿರುವ ನಿಷಿಧಿಶಾಸನಗಳು ಸಲ್ಲೇಖನದಿಂದ ದೇಹವನ್ನು ತ್ಯಜಿಸಿದವರವು. ಅವರು ಮಮತೆಯನ್ನು ತಾವಾಗಿ ಬಿಟ್ಟು ಹೋದರು. ಈ ತಾಯಿಗೆ ಆ ವ್ಯವಧಾನವೇ ದೊರೆಯಲಿಲ್ಲ. ಅವಳ ರೌದ್ರವೆಲ್ಲ ಅಲ್ಲಿಂದಲೇ ಹುಟ್ಟಿತು.

ಚಿತ್ರವನ್ನು ನೋಡದವರು ಮನ್ನಿಸಬೇಕು, ಅಂತ್ಯವನ್ನು ಹೇಳದೆ ವಿಷಯವು ಮುಗಿಯದು. ಆ ದಿನ ಕಲ್ಲು ಸರಿಸಿದವನು ಅವಳ ಗಂಡನೇ. ಅವಸರದಲ್ಲಿದ್ದನು, ಸರಿಸಿದನು, ಹೋದನು. ಅಪರಾಧಿಯು ಅವಳ ಕೈಗೆ ಸಿಕ್ಕಲೆಂದು ನಾವು ಅಷ್ಟು ಹೊತ್ತು ಹಾರೈಸುತ್ತಿದ್ದೆವು. ಅವನೋ, ಅದೇ ಮಗುವಿಗಾಗಿ ಮನೆಯಲ್ಲಿ ಒಬ್ಬನೇ ದುಃಖಿಸುತ್ತಿದ್ದ ತಂದೆ.